ಗುರುತಿಲ್ಲದ ನಾಲ್ಕನೆಯ ಚಕ್ರ

ವುಪರ್ಟಾಲ್, ಜರ್ಮನಿ
೧೪ ಮೇ ೨೦೦೮

ಅಪ್ಪನಿಗೆ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಒಂಬತ್ತು ವರ್ಷದ ಹಿಂದೆ ನೀವು ಮರದ ಪೆಟ್ಟಿಗೆಯಲ್ಲಿ ಕಳಿಸಿದ ನಾಲ್ಕು ಚಕ್ರಗಳನ್ನು ಈ ವಸಂತದಲ್ಲಿ ಕಾರಿಗೆ ಹಾಕಿಸಿದೆ. ಅಷ್ಟು ದಿನವೂ ನೆಲಮಾಳಿಗೆಯಲ್ಲಿದ್ದವು. ಈಗ ಯಾಕೆ ಎಂದು ಕೇಳಬೇಡಿ. ಹಳೆಯವಕ್ಕೆ ತುಕ್ಕು ಹಿಡಿದಿತ್ತು ಎಂದುಕೊಳ್ಳಿ.

ನಿನ್ನೆ ವಾಹನ ತಪಾಸಣೆ ಇತ್ತು. ಎರಡು ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಡೀಕ್‌ಮನ್ ಎಂಬ ತಪಾಸಕರು ಬ್ರೇಕು, ದೀಪ, ಹೊಗೆ ಎಲ್ಲ ನೋಡಿ ತೃಪ್ತರಾದರು. ಆಮೇಲೆ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕುಳಿತವರು ಏಳಲಿಲ್ಲ.

"ಇವು ಯಾರು ಮಾಡಿದ್ದು ಮೇಡಂ?"

"ನಮ್ಮಪ್ಪ."

"ಎಲ್ಲರಪ್ಪನೂ ಏನೋ ಒಂದು ಮಾಡಿರ್ತಾನೆ. ನಮ್ಮಪ್ಪ ಪಾರಿವಾಳ ಸಾಕ್ತಿದ್ದ. ಕಾಗದ ಎಲ್ಲಿ?"

ಕಾಗದ ಇಲ್ಲ ಎಂದೆ. ಕಾಗದವಿಲ್ಲದ ಚಕ್ರ ನಕಲಿ ಎಂದೇ ಲೆಕ್ಕ ಎಂದರು. "ನೋಡೋಕೆ ಚೆಂದ ಇರೋ ನಕಲಿನೇ ಜಾಸ್ತಿ ಅಪಾಯ. ಹೆದ್ದಾರೀಲಿ ಒಂದು ಕಡ್ಡಿ ಮುರೀಲಿ, ಆಮೇಲೆ ನಿಮ್ಮಪ್ಪನ್ನ ಕರೀತೀರಾ? ಬೇರೆ ನಾಲ್ಕು ಹಾಕಿಸ್ಕೊಂಡು ಬನ್ನಿ, ಹತ್ತು ನಿಮಿಷದಲ್ಲಿ ಸೀಲು ಒತ್ತಿ ಕೊಡ್ತೀನಿ. ಇವನ್ನ ಗುಜರಿಗೆ ಹಾಕಿ."

ಹಾಕುವುದಿಲ್ಲ ಎಂದೆ. ಅವರು ಅಕ್ಟೋಬರ್ ಕೊನೆಯವರೆಗೆ ಕಡತ ತೆರೆದಿಡುವುದಾಗಿ ಹೇಳಿದರು. ಅಲ್ಲಿಯವರೆಗೆ ಕಾರು ಅಂಗಳದಲ್ಲಿ ನಿಂತಿರುತ್ತದೆ. ನಾನು ಕೃತಕ ಹಲ್ಲು ಮಾಡುವ ಪ್ರಯೋಗಾಲಯದ ಕೆಲಸಕ್ಕೆ ತೂಗುರೈಲಿನಲ್ಲಿ ಹೋಗುತ್ತೇನೆ.

ಬೇಕಾದದ್ದು: ಯಾವಾಗ ಎರಕ ಹೊಯ್ದದ್ದು, ಯಾವ ಮಿಶ್ರಲೋಹ, ಒಂದೊಂದು ಎಷ್ಟು ಭಾರ ಹೊರುತ್ತದೆ. ನಿಮ್ಮ ಸಹಿ.

ಫುಯುಕೊ


ಕಾವಾಗುಚಿ, ಜಪಾನ್
೨ ಜೂನ್ ೨೦೦೮

ಫುಯುಕೊ,

ಪ್ಲಮ್ ಹಣ್ಣಾಗುವ ಕಾಲದ ಮಳೆ ನಿನ್ನೆ ಶುರುವಾಯಿತು. ಗೋಡೆಗಳು ಬೆವರುತ್ತಿವೆ. ನಿನ್ನ ಪತ್ರದಲ್ಲಿ ಋತುವಿನ ಸಾಲು ಇರಲಿಲ್ಲ. ಅಲ್ಲಿ ಋತುಗಳಿಲ್ಲವೇನೋ.

ನಮ್ಮ ಎರಕಶಾಲೆ ಇದ್ದ ಜಾಗದಲ್ಲಿ ಈಗ ಹದಿನೆಂಟು ಮಹಡಿಯ ವಸತಿ ಕಟ್ಟಡವಿದೆ. ಕುಲುಮೆಯ ಮೇಲೆ ಯಾರೋ ಸೈಕಲ್ಲು ನಿಲ್ಲಿಸುತ್ತಾರೆ. ಆದರೆ ಕುಲುಮೆಯ ದಿನಚರಿ ಪುಸ್ತಕಗಳನ್ನು ನಾನು ಬಿಸಾಡಿಲ್ಲ. ಸಂಬಂಧಪಟ್ಟ ಪುಟಗಳ ಪ್ರತಿ ಇದರೊಂದಿಗೆ ಇದೆ. ೧೯೮೪ರ ಅಕ್ಟೋಬರ್ ೧೭, ೨೨, ೩೦. ಲೋಹದ ಪ್ರಮಾಣ, ತಾಪ, ಹೊಯ್ದವನ ಮುದ್ರೆ ಎಲ್ಲ ಇದೆ. ಭಾರದ ಲೆಕ್ಕ ನಕ್ಷೆಯ ಮೂಲೆಯಲ್ಲಿದೆ. ಕಡ್ಡಿಯ ಹಿಂಬದಿಯಲ್ಲಿ ನಮ್ಮ ಗುರುತು ಎರಕದಲ್ಲೇ ಮೂಡಿರುತ್ತದೆ, ಚಕ್ರ ಬಿಚ್ಚಿಸಿ ನೋಡಲು ಹೇಳು. ಮುಂಬದಿಯಲ್ಲಿ ಗುರುತು ಹಾಕುವವರನ್ನು ನಾನು ಎಂದೂ ಗೌರವಿಸಿಲ್ಲ.

ಪ್ರತಿ ಮಾಡಿಸಲು ಅಂಚೆ ಕಚೇರಿಗೆ ಹೋದಾಗ ಒಸಾನಾಯ್ ಸಿಕ್ಕಿದ. ನಮ್ಮ ಲೇತ್ ನಡೆಸುತ್ತಿದ್ದವನು, ನಿನಗೆ ಗೊತ್ತು. "ಏನೋ ಟೊಕು, ಮಳೇಲಿ ಕೊಡೆ ಬಿಟ್ಟು ಪುಸ್ತಕ ಮುಚ್ಕೊಂಡು ಬಂದಿದ್ದೀಯ? ಮಗಳ ಕಾಗದ ಬಂತಾ?" ಎಂದ. ಇಲ್ಲ, ತೆರಿಗೆ ಕೆಲಸ ಎಂದೆ. "ಹನ್ನೊಂದು ವರ್ಷದ ಹಿಂದೆ ಮುಚ್ಚಿದ ಅಂಗಡಿಗೆ ತೆರಿಗೆ!" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕ.

ನಿನ್ನ ತಪಾಸಕ ಸರಿಯಾಗಿಯೇ ಮಾಡಿದ್ದಾನೆ. ಅವನ ಜಾಗದಲ್ಲಿ ನಾನಿದ್ದರೂ ಅವನ್ನು ರಸ್ತೆಗೆ ಬಿಡುತ್ತಿರಲಿಲ್ಲ.

ನೆಗಿಶಿ ಟೊಕುಜಿ


ವುಪರ್ಟಾಲ್
೨೦ ಜೂನ್ ೨೦೦೮

ಅಪ್ಪನಿಗೆ,

ಕಾಗದಗಳು ಬಂದವು. ಅನುವಾದ ಮಾಡಿಸಿ, ಮೊಹರು ಹಾಕಿಸಿ, ಚಕ್ರಗಳನ್ನು ಬಿಚ್ಚಿಸಿ ಒಯ್ದೆ. ಡೀಕ್‌ಮನ್ ದೀಪ ಹಿಡಿದು ಒಂದೊಂದರ ಹಿಂಬದಿ ನೋಡಿದರು. ಮೂರರಲ್ಲಿ ಗುರುತು ಇದೆ. ನಾಲ್ಕನೆಯದರಲ್ಲಿ ಇಲ್ಲ.

ಅಳಿಸಿದ ಕಲೆಯೂ ಇಲ್ಲ. ಆ ಜಾಗ ಬರೀ ನುಣುಪಾಗಿದೆ.

"ದಿನಚರೀಲಿ ಮೂರು ದಿನ, ದಿನಕ್ಕೊಂದು ಚಕ್ರ. ಇಲ್ಲಿರೋದು ನಾಲ್ಕು. ನಿಮ್ಮಪ್ಪ ಲೆಕ್ಕದಲ್ಲಿ ಹಿಂದೆ ಅಂತ ನಾನು ನಂಬಲ್ಲ," ಎಂದರು. "ಮೂರು ಅಸಲಿ, ಒಂದು ಎಲ್ಲಿಂದಲೋ ಬಂದಿದ್ದು. ನನ್ನ ಅಂದಾಜು ಅದು."

ನಾನು ಬೆರಳಾಡಿಸಿ ನೋಡಿದೆ. ನಾಲ್ಕರಲ್ಲೂ ಐದನೆಯ ಕಡ್ಡಿಯ ಬುಡದಲ್ಲಿ ಅಕ್ಕಿಕಾಳಿನಷ್ಟು ಒಂದು ಉಬ್ಬಿದೆ. ನಮ್ಮ ಕಬ್ಬಿಣದ ಅಚ್ಚಿನ ಒಳಗೋಡೆ ಒಮ್ಮೆ ಚಕ್ಕೆ ಎದ್ದಿತ್ತು, ನೆನಪಿದೆಯೇ? ಅದರ ನಂತರ ಆ ಅಚ್ಚಿನಲ್ಲಿ ಹುಟ್ಟಿದ ಎಲ್ಲ ಚಕ್ರಕ್ಕೂ ಆ ಕಾಳು. ಡೀಕ್‌ಮನ್ ಅವರ ಬೆರಳನ್ನೂ ಹಿಡಿದು ಅಲ್ಲಿ ಇಟ್ಟೆ. ಅವರು ಬರೆದುಕೊಂಡರು. ಒಂದೇ ಅಚ್ಚು ಎಂದು ಒಪ್ಪಿದಂತಾಯಿತು. ಆದರೆ ಅಚ್ಚು ಒಂದೇ ಆದರೆ ಸಾಲದು, ಒಳಗಿನ ಲೋಹ ಯಾವುದೋ, ಯಾರು ಹೊಯ್ದರೋ ಗೊತ್ತಾಗಬೇಕು ಎನ್ನುತ್ತಾರೆ.

ಹೊರಗಿನಿಂದ ತಂದದ್ದಲ್ಲ ಎಂದು ನನಗೆ ಗೊತ್ತು. ಹಾಗಾದರೆ ಏನು?

ಫುಯುಕೊ


ಕಾವಾಗುಚಿ
೩೦ ಜುಲೈ ೨೦೦೮

ಫುಯುಕೊ,

ಸೆಕೆ ವಿಪರೀತ. ಬದನೆ ಗಿಡಗಳಿಗೆ ದಿನಕ್ಕೆ ಎರಡು ಸಲ ಪೈಪು ಎಳೆದು ನೀರು ಹಾಕುತ್ತೇನೆ. ಉತ್ತರ ತಡವಾಯಿತು.

ನಾಲ್ಕನೆಯದನ್ನು ಕಳಚಿಬಿಡು. ಒಸಾನಾಯ್ ಹತ್ತಿರ ಅದೇ ಅಚ್ಚಿನ, ಗುರುತಿರುವ ಒಂದು ಚಕ್ರ ಮೊದಲಿನಿಂದಲೂ ಇದೆ. ದಿನಚರಿಯಲ್ಲಿ ಅದರ ದಿನವೂ ಇದೆ. ಕಳಿಸುತ್ತೇನೆ. ಅಲ್ಲಿಗೆ ಮುಗಿಯಿತು.

ಒಸಾನಾಯ್ ಇನ್ನೊಂದು ದಾರಿ ಹೇಳಿದ. "ಗುರುತಿನ ಹಿತ್ತಾಳೆ ಬಿಲ್ಲೆ ಇನ್ನೂ ನಿನ್ನತ್ರಾನೇ ಇದೆಯಲ್ಲ, ಟೊಕು. ಅದನ್ನ ಮಗಳಿಗೆ ಕಳ್ಸು. ಕಾಯಿಸಿ ಒಂದೇ ಏಟು ಸುತ್ತಿಗೇಲಿ. ಜರ್ಮನೀಲಿ ಯಾವನಿಗೆ ಗೊತ್ತಾಗುತ್ತೆ?" ಎಂದ.

"ನಿಂಗೆ ಗೊತ್ತಾಗುತ್ತಲ್ಲ," ಎಂದೆ.

"ನಂಗೆ ಮರೆವು. ನಾಳೆ ಹೊತ್ತಿಗೆ ಮರ್ತಿರ್ತೀನಿ."

ಬಿಲ್ಲೆಯನ್ನು ಅಚ್ಚಿನೊಳಗೆ ಕೂರಿಸಿ ಆಮೇಲೆ ಲೋಹ ಹೊಯ್ಯಬೇಕು. ತಣ್ಣಗಾದ ಮೇಲೆ ಒತ್ತಿದ್ದು ಗುರುತಲ್ಲ, ಗಾಯ. ಅವನಿಗೂ ಗೊತ್ತು, ನಗಿಸಲು ಹೇಳಿದ್ದು.

ಚಕ್ರ ಕಳಿಸಲೇ? ಒಂದು ಸಾಲು ಬರೆ ಸಾಕು.

ನೆಗಿಶಿ ಟೊಕುಜಿ


ವುಪರ್ಟಾಲ್
೧೨ ಆಗಸ್ಟ್ ೨೦೦೮

ಅಪ್ಪನಿಗೆ,

ಕಳಿಸಬೇಡಿ.

ಒಸಾನಾಯ್ ಅವರ ಬಳಿ ಗುರುತಿರುವ ಚಕ್ರ ಮೊದಲಿನಿಂದಲೂ ಇತ್ತು ಎಂದರೆ ನಾಲ್ಕೂ ಗುರುತಿರುವವನ್ನೇ ನೀವು ಆಗಲೇ ಕಳಿಸಬಹುದಿತ್ತು. ಮೂರು ಹುಡುಕಿ ಇಟ್ಟವರು, ಪಕ್ಕದ ಬೀದಿಯ ಅವರ ಮನೆಗೆ ಹೋಗಿ ಇನ್ನೊಂದನ್ನು ಕೇಳಲಿಲ್ಲ. ಕೈ ತಪ್ಪಿ ಸೇರಿಕೊಂಡಿತು ಎಂದು ಬರೆಯುತ್ತೀರೇನೋ ಎಂದು ಕಾದೆ. ಬರೆಯಲಿಲ್ಲ. ನಿಮಗೆ ಸುಳ್ಳು ಬರುವುದಿಲ್ಲ, ಸುಮ್ಮನಿರುವುದು ಮಾತ್ರ ಬರುತ್ತದೆ.

ಮನೆಯೊಡತಿ ಕೇಸ್ಟಿಂಗಮ್ಮ ದಿನವೂ ಅಂಗಳದಲ್ಲಿ ಕಟ್ಟಿಗೆಯ ದಿಮ್ಮಿಗಳ ಮೇಲೆ ನಿಂತಿರುವ ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ. "ಇದೇನಮ್ಮ, ಕಾಲಿಲ್ಲದ ಕುದುರೆ ಸಾಕ್ತಿದ್ದೀಯ? ಚಕ್ರ ಅಂದ್ರೆ ದುಂಡಗಿದ್ರೆ ಸಾಲ್ದಾ?" ಸಾಲದು ಎಂದು ನಗುತ್ತೇನೆ. ಅವರು ನಗುವುದಿಲ್ಲ.

ನಾನು ಚಕ್ರ ಕೇಳುತ್ತಿಲ್ಲ. ನಾಲ್ಕನೆಯದನ್ನು ಹೊಯ್ದ ದಿನಾಂಕ ಕೇಳುತ್ತಿದ್ದೇನೆ. ನನಗೊಂದು ಊಹೆ ಇದೆ. ನಾನದನ್ನು ಬರೆಯುವುದಿಲ್ಲ, ನೀವೇ ಬರೆಯಬೇಕು.

ಫುಯುಕೊ


ಕಾವಾಗುಚಿ
೧ ಸೆಪ್ಟೆಂಬರ್ ೨೦೦೮

ಫುಯುಕೊ,

ಬೆಳಗ್ಗೆ ಅರಾಕಾವಾ ನದಿಯ ದಂಡೆಯ ಮೇಲೆ ಮೊದಲ ಏರೋಪ್ಲೇನ್ ಚಿಟ್ಟೆಗಳು ಹಾರಿದವು. ಇನ್ನೂ ಸೆಕೆ ಇದೆ, ಆದರೆ ಬೆಳಕು ಬದಲಾಗಿದೆ.

೧೯೮೪ರ ನವೆಂಬರ್ ೮. ತಿದಿ ಹಬ್ಬದ ದಿನ.

ದಿನಚರಿಯಲ್ಲಿ ಆ ಪುಟ ಖಾಲಿ ಇದೆ. ನಮ್ಮ ಕುಲುಮೆ ಶುರುವಾದ ಅಜ್ಜನ ಕಾಲದಿಂದ ಎಲ್ಲ ವರ್ಷವೂ ಆ ಪುಟ ಖಾಲಿಯೇ. ಕುಲುಮೆಗೆ ಗಾಳಿ ಊದುವ ತಿದಿಗೆ ವರ್ಷಕ್ಕೊಂದು ದಿನ ವಿಶ್ರಾಂತಿ, ಅಂದು ಬೆಂಕಿ ಹಚ್ಚುವಂತಿಲ್ಲ. ಹಿಂದಿನ ಸಂಜೆ ಕುಲುಮೆಯ ಒಳಪದರ ಒಣಗಿಸಬೇಕು ಎಂದು ಸುಳ್ಳು ಹೇಳಿ ಉರಿ ಉಳಿಸಿಕೊಂಡೆ. ನನಗೆ ಸುಳ್ಳು ಬರುವುದಿಲ್ಲ ಎಂದು ಬರೆದಿದ್ದೀಯ. ಒಂದು ಸಲ ಬಂದಿತ್ತು.

ಕುಲುಮೆಯ ದೇವಿ ಎರಕದ ನೆಲದ ಮೇಲೆ ಹೆಣ್ಣನ್ನು ಸಹಿಸುವುದಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದ. ನಾನು ನಂಬುತ್ತಿರಲಿಲ್ಲ. ಆದರೆ ಕೆಲಸದವರು ನಂಬುತ್ತಿದ್ದರು. ಹಬ್ಬದ ದಿನ ದೇವಿ ಗುಡಿಯಲ್ಲಿ ಪೂಜೆ ತೆಗೆದುಕೊಳ್ಳುತ್ತಿರುತ್ತಾಳೆ, ಎರಕಶಾಲೆಯಲ್ಲಿ ಇರುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ನಂಬದವನು ಹಾಕುವ ಲೆಕ್ಕವೇ ಇದು ಎಂದು ನೀನು ಕೇಳಬಹುದು. ಒಸಾನಾಯ್ ಮತ್ತು ಉಳಿದವರು ಹಬ್ಬದ ಪದ್ಧತಿಯಂತೆ ಗುಡಿಯ ಮಾಡಿನ ಮೇಲಿಂದ ಜನರತ್ತ ಕಿತ್ತಳೆ ಎಸೆಯಲು ಹೋಗಿದ್ದರು. ಜನ ಕೂಗುವುದು ನಮಗೆ ಕೇಳುತ್ತಿತ್ತು. ನಿನಗೆ ಹತ್ತೊಂಬತ್ತು ವರ್ಷ. ನನಗೂ ಎರಕ ಹೊಯ್ಯಲು ಬಿಡಿ ಎಂದು ಎರಡು ವರ್ಷದಿಂದ ನೀನು ಕೇಳುತ್ತಿದ್ದೆ.

ಮೊದಲನೆಯದನ್ನು ನಾನು ಹೊಯ್ದು ತೋರಿಸಿದೆ. ಎರಡನೆಯದನ್ನು ನೀನು ಹೊಯ್ದೆ. ಎರಡಕ್ಕೂ ಬಿಲ್ಲೆ ಕೂರಿಸಲಿಲ್ಲ. ಏನೂ ಹುಟ್ಟಬಾರದ ದಿನ ಹುಟ್ಟಿದ್ದಕ್ಕೆ ನಮ್ಮ ಗುರುತು ಹಾಕುವಂತಿಲ್ಲ.

ಅಚ್ಚು ಅರ್ಧ ತುಂಬಿದಾಗ ಲೋಹ ಹೊಯ್ಯುತ್ತಿದ್ದ ನಿನ್ನ ಸೌಟು ಒಂದು ಉಸಿರಿನಷ್ಟು ನಿಂತಿತು. ಅಚ್ಚು ತೆರೆದಾಗ ಒಳ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಇತ್ತು. ನಿಂತು ಹೊಯ್ದ ಲೋಹ ಒಂದಾಗುವುದಿಲ್ಲ, ಎರಡು ಪದರವಾಗಿ ಉಳಿಯುತ್ತದೆ. "ಕೈ ನಿಂತಿತು" ಎಂದೆ ನಾನು. ಇದನ್ನು ಕರಗಿಸುತ್ತೇನೆ ಎಂದೆ. ನೀನು ಕೈಗವಸು ಕಳಚಿ ಬೆಂಚಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ಹೊರಗೆ ಹೋದೆ. ಮತ್ತೆ ಒಳಗೆ ಬರಲಿಲ್ಲ. ಮಾರ್ಚಿನಲ್ಲಿ ಊರು ಬಿಟ್ಟೆ.

ನಿನ್ನ ಊಹೆ ಏನೆಂದು ಗೊತ್ತು. ಅದು ತಪ್ಪು. ನಿನ್ನ ಕಾರಿನಲ್ಲಿರುವುದು ಅಂದು ನಾನು ಹೊಯ್ದದ್ದು, ಆ ದಿನದ್ದೊಂದು ನಿನ್ನ ಬಳಿ ಇರಲಿ ಎಂದು ಸೇರಿಸಿದೆ. ಗೆರೆ ಇರುವುದನ್ನು ನಿನ್ನ ಕಾರಿಗೆ ಕಳಿಸುವವನಲ್ಲ ನಾನು.

ನೀನು ಹೊಯ್ದದ್ದನ್ನು ಕರಗಿಸಲಿಲ್ಲ. ಹಿತ್ತಲ ಗೋಡೆಯಲ್ಲಿ ಮೊಳೆಗೆ ತೂಗುಹಾಕಿ ಅದಕ್ಕೆ ನೀರಿನ ಪೈಪು ಸುತ್ತಿಡುತ್ತಿದ್ದೇನೆ. ನಿನ್ನ ಅಮ್ಮನೂ ಅದಕ್ಕೇ ಸುತ್ತುತ್ತಿದ್ದಳು.

ಇವತ್ತು ಅದನ್ನು ಗೋಡೆಯಿಂದ ಕಳಚಿದೆ. ಪೆಟ್ಟಿಗೆ ಹಡಗಿಗಲ್ಲ, ವಿಮಾನಕ್ಕೆ. ಒಂದೇ ದಿನ, ಒಂದೇ ಕುಲುಮೆ, ಒಂದೇ ಸಲ ಕರಗಿಸಿದ ಲೋಹ. ಮುರಿಯುವ ಯಂತ್ರ ಅಲ್ಲಿ ಇರಲೇಬೇಕು. ಇದನ್ನು ಮುರಿಯಲು ಹೇಳು. ಗೆರೆ ಇರುವುದು ತಾಳಿದರೆ ಇಲ್ಲದ್ದು ತಾಳುತ್ತದೆ. ತಾಳದಿದ್ದರೆ ನಾಲ್ಕನೆಯದನ್ನು ಕಳಚಿಸು, ನಾನು ವಾದಿಸುವುದಿಲ್ಲ.

ಮೇಲೆ ಬರೆದದ್ದಷ್ಟನ್ನೂ ಪ್ರಮಾಣಪತ್ರವಾಗಿ ಬರೆದು ಮುದ್ರೆ ಒತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಸುಳ್ಳು ಹೇಳಿ ಉರಿ ಉಳಿಸಿಕೊಂಡದ್ದೂ ಅದರಲ್ಲಿದೆ.

ನೆಗಿಶಿ ಟೊಕುಜಿ


ವುಪರ್ಟಾಲ್
೨೬ ಸೆಪ್ಟೆಂಬರ್ ೨೦೦೮

ಅಪ್ಪನಿಗೆ,

ಪೆಟ್ಟಿಗೆ ಬಂದಿದೆ. ಪೈಪು ಉಜ್ಜಿ ಕಡ್ಡಿಗಳ ಅಂಚು ಹೊಳೆಯುತ್ತಿದೆ. ಪ್ರಯೋಗಾಲಯದಲ್ಲಿ ಎಲ್ಲರೂ ಹೋದ ಮೇಲೆ ಹಲ್ಲು ನೋಡುವ ಭೂತಗನ್ನಡಿಯಲ್ಲಿ ಗೆರೆಯನ್ನು ನೋಡಿದೆ. ಎಷ್ಟು ಆಳ ಎಂದು ಮೇಲಿನಿಂದ ತಿಳಿಯುವುದಿಲ್ಲ. ನಾನು ದಿನಕ್ಕೆ ಇಪ್ಪತ್ತು ಹಲ್ಲು ಎರಕ ಹೊಯ್ಯುತ್ತೇನೆ, ಒಂದೊಂದು ಎರಡು ಮೂರು ಗ್ರಾಂ. ಇಪ್ಪತ್ತಮೂರು ವರ್ಷದಲ್ಲಿ ಕೈ ನಿಂತಿಲ್ಲ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಡೀಕ್‌ಮನ್ ನಿಮ್ಮ ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು.

"ಇದನ್ನ ಯಂತ್ರಕ್ಕೆ ಕೊಟ್ರೆ ವಾಪಸ್ ಸಿಗಲ್ಲ, ಗೊತ್ತಲ್ಲ? ಇದು ನೀವೇ ಮಾಡಿದ್ದು ಅಂತಿದ್ದಾರೆ ನಿಮ್ಮಪ್ಪ."

"ಗೊತ್ತು."

"ಇನ್ನೊಂದು ಮಾತು. ಗೆರೆ ಇರೋದನ್ನ ತಂದು ಇದರ ಮೇಲೇ ನೋಡಿ ಅಂದವರನ್ನ ನಾನು ನೋಡೇ ಇಲ್ಲ. ಜನ ಒಳ್ಳೇದನ್ನ ತರ್ತಾರೆ ಪರೀಕ್ಷೆಗೆ."

"ನಮ್ಮಪ್ಪ ಹಾಗೇ."

"ನೀವೋ?"

ಯಂತ್ರಕ್ಕೆ ಹಾಕಿ ಎಂದೆ.

ಫುಯುಕೊ


ವುಪರ್ಟಾಲ್
೨೪ ಅಕ್ಟೋಬರ್ ೨೦೦೮

ಅಪ್ಪನಿಗೆ,

ಬೀಚ್ ಮರಗಳು ಪೂರ್ತಿ ಹಳದಿ. ತೂಗುರೈಲಿನ ಕಿಟಕಿಗೆ ಎಲೆಗಳು ಅಂಟಿಕೊಂಡು ಒಂದೆರಡು ನಿಲ್ದಾಣ ಪ್ರಯಾಣ ಮಾಡುತ್ತವೆ.

ಮೊದಲು ಗುರುತಿಲ್ಲದ ಎರಡು ಚಕ್ರಗಳಿಗೂ ಕಿಡಿ ಹಾರಿಸಿ ಲೋಹ ಹೋಲಿಸಿದರು. ಒಂದೇ. ಕಾರಿನ ನಾಲ್ಕನ್ನೂ ಎಕ್ಸ್-ರೇ ಮಾಡಿದರು. ಸ್ವಚ್ಛ. ಸೋಮವಾರ ನನ್ನ ಚಕ್ರವನ್ನು ಯಂತ್ರಕ್ಕೆ ಬಿಗಿದರು. ಅಂಚನ್ನು ಕಚ್ಚಿ ಹಿಡಿದು, ನಡುವಿಗೆ ದಪ್ಪ ದಂಡ ಸಿಕ್ಕಿಸಿ, ತಿರುಗಿಸುತ್ತಾ ಬಾಗಿಸುವ ಯಂತ್ರ. ಕಾರು ರಸ್ತೆಯ ತಿರುವಿನಲ್ಲಿ ಹೊರಳುವಾಗ ಬೀಳುವಷ್ಟು ಭಾರ ಪ್ರತಿ ಸುತ್ತಿಗೂ. ಎರಡು ಲಕ್ಷ ಸುತ್ತು ತಾಳಬೇಕು. ನಾನು ರಜೆ ಹಾಕಿ ಗಾಜಿನ ಈಚೆ ಕುಳಿತೆ. ಗೆರೆ ಸುತ್ತುತ್ತಿದ್ದಾಗ ಕಾಣಿಸುತ್ತಿರಲಿಲ್ಲ, ಆದರೂ ಅಲ್ಲಿಗೇ ನೋಡುತ್ತಿದ್ದೆ.

ಲಕ್ಷ ದಾಟಿತು. ಒಂದೂವರೆ ದಾಟಿತು. ಡೀಕ್‌ಮನ್ ತಮ್ಮ ಕೇಂದ್ರದ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕುಳಿತು ಬ್ರೆಡ್ಡು ತಿಂದರು. ನನಗೂ ಅರ್ಧ ಕೊಟ್ಟರು. ಎರಡು ಲಕ್ಷ ಆದಾಗ ಯಂತ್ರದವನು ನಿಲ್ಲಿಸಲು ಕೈ ಎತ್ತಿದ.

"ಬೇಡ, ಓಡ್ಲಿ," ಎಂದೆ.

"ಪಾಸಾಯ್ತಲ್ಲ ಮೇಡಂ! ಇಲ್ಲಿಗೆ ನಿಲ್ಸಿದ್ರೆ ಚಕ್ರ ಇಡಿಯಾಗಿ ಮನೆಗೆ ತಗೊಂಡು ಹೋಗ್ಬಹುದು."

"ಎಲ್ಲಿ ಮುರಿಯುತ್ತೆ ಅಂತ ನೋಡ್ಬೇಕು."

ಅವನು ಡೀಕ್‌ಮನ್ ಮುಖ ನೋಡಿದ. "ಓಡ್ಸಪ್ಪ. ಇದು ಕಾರಿನ ವಿಷಯ ಅಲ್ಲ ಈಗ," ಎಂದರು ಅವರು.

ಮರುದಿನ ಮಧ್ಯಾಹ್ನ, ಐದು ಲಕ್ಷದ ಹನ್ನೊಂದು ಸಾವಿರ ಸುತ್ತಿಗೆ ಮುರಿಯಿತು. ಐದನೆಯ ಕಡ್ಡಿಯ ಬುಡದಲ್ಲಿ, ಅಕ್ಕಿಕಾಳಿನ ಪಕ್ಕ. ಅಚ್ಚಿನ ಚಕ್ಕೆ ಎದ್ದಿದ್ದಲ್ಲಿ. ಗೆರೆ ಹಾಗೆಯೇ ಇತ್ತು. ಅದನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಳ ಒಂದು ಮಿಲಿಮೀಟರಿನ ಹತ್ತನೆಯ ಭಾಗಕ್ಕಿಂತ ಕಡಿಮೆ. ಕೆಳಗೆ ಲೋಹ ಒಂದೇ ಆಗಿದೆ. ಪದರವಿಲ್ಲ. ವರದಿಯಲ್ಲಿ "ಮೇಲ್ಮೈ ಸುಕ್ಕು, ಬಲಕ್ಕೆ ಸಂಬಂಧವಿಲ್ಲ" ಎಂದು ಬರೆದಿದ್ದಾರೆ. ಪ್ರತಿ ಲಗತ್ತಿಸಿದ್ದೇನೆ. ಛಾಯಾಚಿತ್ರವೂ ಇದೆ.

ನಾಲ್ಕು ಚಕ್ರಗಳೂ ಕಾರಿನ ಪತ್ರದಲ್ಲಿ ನಮೂದಾದವು. ಡೀಕ್‌ಮನ್ ಬರೆಯುತ್ತಾ, ತಯಾರಕರ ಹೆಸರು ಕೇಳಿದರು. ನೆಗಿಶಿ ಎಂದೆ. ಎರಕಶಾಲೆಯ ಹೆಸರೋ, ನಿಮ್ಮಪ್ಪನದೋ, ನಿಮ್ಮದೋ ಎಂದರು. ಹಾಗೆಯೇ ಬರೆಯಿರಿ ಎಂದೆ. ಬರೆದರು.

ನಿನ್ನೆ ಕೇಸ್ಟಿಂಗಮ್ಮನನ್ನು ಕೂರಿಸಿಕೊಂಡು ಅಣೆಕಟ್ಟೆಯವರೆಗೆ ಹೋಗಿಬಂದೆ. "ಈಗೇನು ಬೇರೆ ಥರ ಓಡುತ್ತಾ?" ಎಂದು ಕೇಳಿದರು. ಇಲ್ಲ, ಹಾಗೆಯೇ ಓಡುತ್ತದೆ ಎಂದೆ.

ಮುರಿದ ಚಕ್ರ ಎರಡು ತುಂಡಾಗಿದೆ, ಅಂಚಿನಲ್ಲಿ ಕೊಯ್ದ ಜಾಗವೂ ಇದೆ. ಅವರು ಗುಜರಿಗೆ ಹಾಕಲೇ ಎಂದು ಕೇಳುತ್ತಿದ್ದಾರೆ. ನೀವು ಹೇಳಿದಂತೆ.

ಫುಯುಕೊ


ಕಾವಾಗುಚಿ
೮ ನವೆಂಬರ್ ೨೦೦೮

ಫುಯುಕೊ,

ಬೆಳಗ್ಗೆ ಚಳಿ, ಆಕಾಶ ಎತ್ತರವಾಗಿದೆ. ನಿನ್ನ ಪತ್ರದಲ್ಲಿ ಋತುವಿನ ಸಾಲಿತ್ತು.

ಇವತ್ತು ತಿದಿ ಹಬ್ಬ. ಊರಲ್ಲಿ ಈಗ ಐದಾರು ಕುಲುಮೆಗಳೂ ಉಳಿದಿಲ್ಲ. ಗುಡಿಯ ಮಾಡು ಹತ್ತುವವರಿಲ್ಲ, ಕಿತ್ತಳೆಯನ್ನು ಕೈಯಲ್ಲೇ ಹಂಚುತ್ತಾರೆ. ಒಸಾನಾಯ್‌ಗೆ ಎರಡು ಸಿಕ್ಕಿತು, ನನಗೆ ಒಂದು. ಮೆಟ್ಟಿಲ ಮೇಲೆ ಕುಳಿತು ಆ ದಿನ ನಡೆದದ್ದನ್ನೆಲ್ಲ ಹೇಳಿ, ನಿನ್ನ ವರದಿಯ ಚಿತ್ರ ಅವನಿಗೆ ತೋರಿಸಿದೆ. ಅವನು ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದ.

"ಇದೇನು?"

"ಗೆರೆ."

"ಇದಕ್ಕಾ ಆ ಹುಡುಗೀನ ಓಡ್ಸಿದ್ದು ನೀನು?"

ಓಡಿಸಲಿಲ್ಲ ಎಂದೆ. ಆಮೇಲೆ, ಹೌದು ಎಂದೆ. ಅವನು ತನ್ನ ಎರಡು ಕಿತ್ತಳೆಯಲ್ಲಿ ಒಂದನ್ನು ನನ್ನ ಮಡಿಲಿಗೆ ಎಸೆದು, "ನಿನ್ನ ಅಚ್ಚೇ ಹಾಳು ಕಣೋ, ಅವಳ ಕೈ ಅಲ್ಲ," ಎಂದ. ಅಚ್ಚಿನ ಚಕ್ಕೆ ನನಗೆ ಗೊತ್ತಿತ್ತು. ಸರಿಪಡಿಸಬೇಕಿತ್ತು. ಅದು ನಡೆಯುತ್ತದೆ ಎಂದು ನಾನೇ ಬಿಟ್ಟಿದ್ದೆ. ಅದನ್ನು ದಿನಚರಿಯಲ್ಲಿ ಎಲ್ಲೂ ಬರೆದಿಲ್ಲ.

ಗೆರೆಯನ್ನು ನಾನು ಯಾವುದರಿಂದಲೂ ಅಳೆದಿರಲಿಲ್ಲ. ಹೆಬ್ಬೆರಳ ಉಗುರಿನಿಂದ ಒಮ್ಮೆ ಮುಟ್ಟಿ ನೋಡಿದ್ದೆ, ಅಷ್ಟೆ.

ಮನೆಗೆ ಬಂದು ೧೯೮೪ರ ದಿನಚರಿ ತೆಗೆದೆ. ಖಾಲಿ ಪುಟದಲ್ಲಿ ಇವತ್ತು ಬರೆದೆ: ಚಕ್ರ ಎರಡು. ಒಂದು ಟೊಕುಜಿ, ಒಂದು ಫುಯುಕೊ. ಕೆಳಗೆ ಇವತ್ತಿನ ದಿನಾಂಕವನ್ನೂ ಹಾಕಿದ್ದೇನೆ, ಆಗಲೇ ಬರೆದದ್ದು ಎಂದು ಯಾರೂ ತಿಳಿಯಬಾರದು.

ತುಂಡುಗಳನ್ನು ಗುಜರಿಗೆ ಹಾಕಬೇಡ. ಎರಡನ್ನೂ ಕಳಿಸು. ಗೋಡೆಯಲ್ಲಿ ಮೊಳೆ ಹಾಗೆಯೇ ಇದೆ. ಸೆಪ್ಟೆಂಬರಿನಿಂದ ಪೈಪು ನೆಲದ ಮೇಲೆ ಬಿದ್ದಿದೆ, ನಡೆಯುವಾಗ ಕಾಲಿಗೆ ಸಿಕ್ಕುತ್ತದೆ. ಬೇರೆ ಯಾವುದಕ್ಕೂ ಸುತ್ತಿಲ್ಲ.

ನೀನೇ ತರುವುದಾದರೆ ಅಂಚೆ ಬೇಡ.

ಟೊಕುಜಿ